ವಾರಕ್ಕೊಂದು ಅಯೋಡಿನ್ ಮಾತ್ರೆ ಬೇಡವೇ ಬೇಡ

ಪ್ರಶ್ನೆ: ಕೈಗಾ ಅಣು ವಿದ್ಯುತ್ ಸ್ಥಾವರ ನಮ್ಮೂರಿಗೆ ಹತ್ತಿರ. ಆನ್‌ಲೈನ್‌ನಲ್ಲಿ ಪೊಟ್ಯಾಸಿಯಂ ಅಯೋಡೈಡ್ ಮಾತ್ರೆ ತರಿಸಿಟ್ಟಿದ್ದೇವೆ. ಮುಂಜಾಗ್ರತೆಗೆ ಮಕ್ಕಳಿಗೆ ವಾರಕ್ಕೊಂದು ಕೊಡಬಹುದೇ? ಮಾತ್ರೆ ಮುಗಿದರೆ ಅಯೋಡಿನ್ ಉಪ್ಪು ಸಾಕೇ?

ಕೊಡಬೇಡಿ. ಈಗಾಗಲೇ ಕೊಟ್ಟಿದ್ದರೆ ನಿಲ್ಲಿಸಿ, ಮಕ್ಕಳ ಥೈರಾಯ್ಡ್ ಪರೀಕ್ಷೆ ಮಾಡಿಸಿ. ಎಲ್ಲಾದರೂ ಅಣು ಸ್ಥಾವರದ ಸುದ್ದಿ ಬಂದರೆ ಸಾಕು, ಈ ಪ್ರಶ್ನೆ ಬರುತ್ತದೆ. ಅದರ ಬೆನ್ನಿಗೇ ಈ ಮಾತ್ರೆಯನ್ನು ‘ವಿಕಿರಣಕ್ಕೆ ಮದ್ದು’ ಎಂದು ಮಾರುವವರೂ ಹುಟ್ಟಿಕೊಳ್ಳುತ್ತಾರೆ. ಅಂಥ ಮದ್ದಿಲ್ಲ. ಈ ಮಾತ್ರೆ ಕಾಯುವುದು ಕತ್ತಿನ ಥೈರಾಯ್ಡ್ ಎಂಬ ಒಂದೇ ಗ್ರಂಥಿಯನ್ನು, ಒಂದೇ ವಸ್ತುವಿನಿಂದ, ಅದೂ ಸುಮಾರು ಒಂದು ದಿನ.

ಆ ವಸ್ತು ಅಯೋಡಿನ್-131, ಅಂದರೆ ವಿಕಿರಣ ಸೂಸುವ ಅಯೋಡಿನ್. ಥೈರಾಯ್ಡ್ ಕ್ಯಾನ್ಸರ್ ರೋಗಿಗಳಿಗೆ ನಾನು ಅದನ್ನೇ ಔಷಧವಾಗಿ ಕೊಡುವವನು. ಕ್ಯಾಪ್ಸೂಲ್ ಸೀಸದ ಡಬ್ಬಿಯಲ್ಲಿ ಬರುತ್ತದೆ. ರೋಗಿ ಅದನ್ನು ನುಂಗಿ ಪ್ರತ್ಯೇಕ ಕೋಣೆಯಲ್ಲಿ ಉಳಿಯಬೇಕು, ಅವರ ಮೂತ್ರ ಕೂಡ ನೇರ ಚರಂಡಿಗೆ ಹೋಗದೆ ಬೇರೆ ಟ್ಯಾಂಕಿನಲ್ಲಿ ನಿಲ್ಲುತ್ತದೆ. ಇದಕ್ಕೆ ಎರಡು ವಾರ ಮುಂಚೆಯೇ ಅಯೋಡಿನ್ ಉಪ್ಪು, ಸಮುದ್ರದ ಮೀನು ಬಿಡಿಸುತ್ತೇವೆ. ಕರಾವಳಿಯವರಿಗೆ ಮೀನು ಬಿಡುವುದೇ ದೊಡ್ಡ ಕಷ್ಟ. ಆದರೆ ಗ್ರಂಥಿ ಹಸಿದಿದ್ದರೆ ಮಾತ್ರ ಕೊಟ್ಟದ್ದನ್ನು ಚೆನ್ನಾಗಿ ಹೀರುತ್ತದೆ. ನೀವು ತರಿಸಿದ ಮಾತ್ರೆಯ ಕೆಲಸ ಇದರ ತಿರುವುಮುರುವು: ಒಳ್ಳೆಯ ಅಯೋಡಿನ್ ಮೊದಲೇ ತುಂಬಿ, ಕೆಟ್ಟದ್ದಕ್ಕೆ ಜಾಗ ಇಲ್ಲದಂತೆ ಮಾಡುವುದು.

ಹಾಗಾಗಿ ಹೊತ್ತು ನೋಡಿಯೇ ನುಂಗಬೇಕು. ವಿಕಿರಣ ಅಯೋಡಿನ್ ಮೈ ಸೇರುವ ಮುಂಚಿನ 24 ಗಂಟೆಯೊಳಗೆ, ಇಲ್ಲವೇ ಸೇರಿದ ಕೆಲವೇ ಗಂಟೆಗಳಲ್ಲಿ. ಒಂದು ದಿನ ಕಳೆದ ಮೇಲೆ ಲಾಭಕ್ಕಿಂತ ಹಾನಿಯೇ ಹೆಚ್ಚು. ದೊಡ್ಡವರಿಗೆ 130 ಮಿ.ಗ್ರಾಂ, ಮೂರು ವರ್ಷ ದಾಟಿದ ಮಕ್ಕಳಿಗೆ 65, ಅದಕ್ಕಿಂತ ಚಿಕ್ಕವರಿಗೆ 32, ತಿಂಗಳೊಳಗಿನ ಕೂಸಿಗೆ 16. ಹೀಗೆ ಅಳೆದು ಕೊಡುವುದನ್ನು ವಾರಕ್ಕೊಂದರಂತೆ ಕೊಟ್ಟರೆ ಗ್ರಂಥಿ ಕೆಲಸವನ್ನೇ ನಿಲ್ಲಿಸಬಹುದು. ಕೂಸುಗಳಲ್ಲಿ ಅದು ಮಿದುಳಿನ ಬೆಳವಣಿಗೆಗೇ ಏಟು. ಗಂಟಲಲ್ಲಿ ಗಂಟಿರುವ ಹಿರಿಯರಿಗೆ ಹಾರ್ಮೋನು ಮಿತಿಮೀರಿ ಎದೆಬಡಿತ ಏರುತ್ತದೆ.

ಉಪ್ಪಿನ ವಿಚಾರ. ಅಂಗಡಿ ಉಪ್ಪಿನಲ್ಲಿ ಕೆ.ಜಿ.ಗೆ ಕನಿಷ್ಠ 15 ಮಿ.ಗ್ರಾಂ ಅಯೋಡಿನ್ ಇರಬೇಕೆಂಬುದು ನಿಯಮ. 130 ಮಿ.ಗ್ರಾಂ ಮಾತ್ರೆಯಲ್ಲಿರುವುದು ಸುಮಾರು 100 ಮಿ.ಗ್ರಾಂ. ಅಂದರೆ ಆರೂವರೆ ಕೆ.ಜಿ.ಗೂ ಹೆಚ್ಚು ಉಪ್ಪು ತಿನ್ನಬೇಕು, ಅದರ ಚೂರುಪಾಲು ತಿಂದರೂ ಜೀವ ಉಳಿಯುವುದಿಲ್ಲ. 2011ರಲ್ಲಿ ಫುಕುಶಿಮಾ ದುರಂತವಾದಾಗ ಚೀನಾದ ಜನ ಅಂಗಡಿಗಳ ಉಪ್ಪನ್ನೆಲ್ಲ ಖಾಲಿ ಮಾಡಿದ್ದು ಇದೇ ತಪ್ಪು ನಂಬಿಕೆಯಿಂದ. ಗಾಯಕ್ಕೆ ಹಚ್ಚುವ ಅಯೋಡಿನ್ ದ್ರಾವಣವನ್ನಂತೂ ದಯವಿಟ್ಟು ಕುಡಿಯಬೇಡಿ.

ಮಕ್ಕಳನ್ನು ನಿಜವಾಗಿ ಉಳಿಸುವುದು ಏನೆಂದು ಚೆರ್ನೋಬಿಲ್ ಹೇಳುತ್ತದೆ. 1986ರ ಏಪ್ರಿಲ್ 26ರಂದು ರಿಯಾಕ್ಟರ್ ಸಿಡಿಯಿತು. ಸೋವಿಯತ್ ಸರ್ಕಾರ ಅದನ್ನು ಒಪ್ಪಿಕೊಂಡದ್ದು 28ಕ್ಕೆ. ವಿಕಿರಣ ಅಯೋಡಿನ್ ಹುಲ್ಲಿನ ಮೇಲೆ ಬಿತ್ತು, ಹಸು ಮೇಯಿತು, ಹಾಲಿಗೆ ಬಂತು, ಹಳ್ಳಿಯ ಮಕ್ಕಳು ಕುಡಿದರು. ಆ ಪ್ರದೇಶದಲ್ಲಿ ಆಗ ಮಕ್ಕಳಾಗಿದ್ದವರಲ್ಲಿ 2005ರ ಹೊತ್ತಿಗೆ 6,000ಕ್ಕೂ ಹೆಚ್ಚು ಥೈರಾಯ್ಡ್ ಕ್ಯಾನ್ಸರ್ ಪತ್ತೆಯಾದವು. ಎಲ್ಲವೂ ಇದರಿಂದಲೇ ಅಲ್ಲ, ಆದರೆ ದೊಡ್ಡ ಪಾಲು ಇದರದೇ. ಒಂದೇ ಒಂದು ತಿಂಗಳು ಆ ಹಾಲು ತಪ್ಪಿಸಿದ್ದರೆ ಎಷ್ಟು ಮಕ್ಕಳು ಪಾರಾಗುತ್ತಿದ್ದರು ಎಂದು ನೆನೆದರೆ ಈಗಲೂ ಸಂಕಟವಾಗುತ್ತದೆ. ಪಕ್ಕದ ಪೋಲೆಂಡ್ ಒಂದು ಕೋಟಿಗೂ ಹೆಚ್ಚು ಮಕ್ಕಳಿಗೆ ಅಯೋಡಿನ್ ಕೊಟ್ಟಿತು, ಜೊತೆಗೇ ಹೊರಗೆ ಮೇದ ಹಸುವಿನ ಹಾಲನ್ನೂ ತಡೆಯಿತು.

ಆದ್ದರಿಂದ ತುರ್ತು ಸೂಚನೆ ಬಂದರೆ ಒಳಗೆ ಸೇರಿ, ಕಿಟಕಿ ಬಾಗಿಲು ಮುಚ್ಚಿ. ದನಗಳನ್ನು ಕೊಟ್ಟಿಗೆಯಲ್ಲೇ ಕಟ್ಟಿ, ಒಳಗಿಟ್ಟ ಒಣಹುಲ್ಲು ಹಾಕಿ. ಹೊಸ ಹಾಲು, ಅಂಗಳದ ಸೊಪ್ಪು ಬೇಡ. ಮಾತ್ರೆ ನುಂಗುವುದು ಜಿಲ್ಲಾಡಳಿತ ಹೇಳಿದಾಗ ಮಾತ್ರ.

ಈ ಮಾತ್ರೆ ಎಲ್ಲ ವಿಕಿರಣಕ್ಕೂ ಅಲ್ಲ ಎಂಬುದಕ್ಕೆ ಕೈಗಾದ್ದೇ ಒಂದು ಉದಾಹರಣೆ. 2009ರ ನವೆಂಬರ್‌ನಲ್ಲಿ ಅಲ್ಲಿ ಕುಡಿಯುವ ನೀರಿನ ಕೂಲರ್‌ಗೆ ಯಾರೋ ಟ್ರಿಟಿಯಂ (ವಿಕಿರಣ ಸೂಸುವ ಜಲಜನಕ) ಇದ್ದ, ರಿಯಾಕ್ಟರ್‌ನಲ್ಲಿ ಬಳಸುವ ಭಾರಜಲ ಬೆರೆಸಿದರು, 50ಕ್ಕೂ ಹೆಚ್ಚು ಸಿಬ್ಬಂದಿಯ ಮೈ ಸೇರಿತು. ಟ್ರಿಟಿಯಂ ನೀರಿನ ಜೊತೆ ಮೈಯೆಲ್ಲ ಹರಡುತ್ತದೆ. ಅದಕ್ಕೆ ಅಯೋಡಿನ್ ಮಾತ್ರೆ ಡಬ್ಬಿಗಟ್ಟಲೆ ನುಂಗಿದರೂ ವ್ಯರ್ಥ. ನೀರು ಹೆಚ್ಚು ಕುಡಿಸಿ, ಮೂತ್ರ ಹೋಗಿಸುವುದೇ ಚಿಕಿತ್ಸೆ.

ಪ್ರಶ್ನೆ: ಅಣು ತ್ಯಾಜ್ಯವನ್ನು ಗಾಜು ಮಾಡಿ ಇಡುತ್ತಾರಂತೆ. ಮತ್ತೇನು ಭಯ?

ತ್ಯಾಜ್ಯವನ್ನು ಕರಗಿದ ಗಾಜಿನಲ್ಲಿ ಬೆರೆಸಿ ಗಟ್ಟಿ ಮಾಡುವುದು ಒಳ್ಳೆಯ ಕ್ರಮವೇ, ಮಹಾರಾಷ್ಟ್ರದ ತಾರಾಪುರದಲ್ಲಿ ಮಾಡುತ್ತಾರೆ. ಭಯ ಇರುವುದು ಕಾಲದ್ದು. ನಮ್ಮ ಆಸ್ಪತ್ರೆ ಟ್ಯಾಂಕಿನ ಅಯೋಡಿನ್‌ನ ಅರ್ಧಾಯುಷ್ಯ (ವಿಕಿರಣ ಅರ್ಧಕ್ಕೆ ಇಳಿಯುವ ಕಾಲ) ಎಂಟು ದಿನ, ಹತ್ತು ಅರ್ಧಾಯುಷ್ಯ ಕಳೆಯಲು 80 ದಿನ ಕಾದರೆ ಸಾಕು. ಅಣು ತ್ಯಾಜ್ಯದಲ್ಲಿರುವ ಸೀಸಿಯಂ-137ಕ್ಕೆ ಅದೇ ಲೆಕ್ಕದಲ್ಲಿ 300 ವರ್ಷ. ಪ್ಲುಟೋನಿಯಂ-239ಕ್ಕೆ ಎರಡು ಲಕ್ಷ ನಲವತ್ತು ಸಾವಿರ. ಫಿನ್ಲೆಂಡ್ ಇದಕ್ಕೆಂದೇ 400 ಮೀಟರ್‌ಗೂ ಆಳದಲ್ಲಿ ಬಂಡೆ ಕೊರೆದಿದೆ. ನಮ್ಮಲ್ಲಿ ಅಂಥ ಕೊನೆಯ ಜಾಗ ಇನ್ನೂ ಇಲ್ಲ. ತ್ಯಾಜ್ಯ ತೆಪ್ಪಗೆ ಬಿದ್ದಿರುವ ಕಸವೆಂದೂ ತಿಳಿಯಬೇಡಿ. 1957ರಲ್ಲಿ ರಷ್ಯಾದ ಉರಾಲ್ ಪ್ರಾಂತ್ಯದ ಮಾಯಾಕ್ ಅಣು ಕೇಂದ್ರದಲ್ಲಿ ಸ್ಫೋಟಿಸಿದ್ದು ರಿಯಾಕ್ಟರ್ ಅಲ್ಲ, ತಂಪು ಮಾಡುವ ವ್ಯವಸ್ಥೆ ಕೆಟ್ಟ ತ್ಯಾಜ್ಯದ ತೊಟ್ಟಿ. ಸುಮಾರು 10 ಸಾವಿರ ಜನ ಊರು ಬಿಡಬೇಕಾಯಿತು.

ಪ್ರಶ್ನೆ: ವಿಕಿರಣ ತಡೆಯುವ ಪೆಂಡೆಂಟ್ ಕೊಂಡಿದ್ದೇನೆ. ಹಾಕಿಕೊಳ್ಳಬಹುದೇ?

ಈಗಲೇ ತೆಗೆದಿಡಿ. ಇಂಥ ಹಲವು ಪೆಂಡೆಂಟ್‌ಗಳಲ್ಲಿ ಥೋರಿಯಂ ಇರುವ ಖನಿಜದ ಪುಡಿ ಸಿಕ್ಕಿದೆ, ಅಂದರೆ ಅವೇ ವಿಕಿರಣ ಸೂಸುತ್ತವೆ. 2021ರಲ್ಲಿ ನೆದರ್ಲೆಂಡ್ಸ್‌ನ ಅಣು ಸುರಕ್ಷತಾ ಸಂಸ್ಥೆ ಇಂಥ ಹತ್ತು ವಸ್ತುಗಳನ್ನು ಧರಿಸಬೇಡಿ ಎಂದು ಎಚ್ಚರಿಸಿತು. ಒಡೆಯುವುದು, ಉಜ್ಜುವುದು, ಆ ಪುಡಿ ಮಕ್ಕಳ ಕೈಗೆ ಸಿಗುವುದು ಬೇಡ.

ಪ್ರಶ್ನೆ: ದಿನಾ ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತೇನೆ. ಅದೇ ಸಾಕಲ್ಲವೇ?

ಸಾಲದು. ನಿಮ್ಮ ದಿನದ ಮಾತ್ರೆ ಹಾರ್ಮೋನು; ವಿಕಿರಣ ಅಯೋಡಿನ್ ತಡೆಯುವ ಪೊಟ್ಯಾಸಿಯಂ ಅಯೋಡೈಡ್ ಲವಣ. ದಿನದ ಮಾತ್ರೆ ಮಾತ್ರ ಬಿಡಬೇಡಿ.