‘ಹಾಕು’ ಎಂದಲ್ಲೆಲ್ಲ ‘ಪುಟ್’ ಆಗದು

ಪ್ರಶ್ನೆ: ‘ಪುಟ್’ ಎಂದರೆ ಇಡು, ಹಾಕು ಎಂದು ಗೊತ್ತು. ಆದರೆ ‘ಪುಟ್ ಆಫ್’, ‘ಪುಟ್ ಔಟ್’, ‘ಪುಟ್ ಡೌನ್’ ಬಂದಾಗ ತಬ್ಬಿಬ್ಬಾಗುತ್ತೇವೆ. ನೆನಪಿಡುವುದು ಹೇಗೆ?

ಉತ್ತರ: ಪಟ್ಟಿ ಮಾಡಿ ಉರುಹೊಡೆಯಬೇಡಿ, ವಾರದಲ್ಲಿ ಮರೆತುಹೋಗುತ್ತದೆ. ಜೊತೆಗಿರುವ ಪುಟ್ಟ ಪದದ ಕಡೆ ನೋಡಿ. ‘ಆಫ್’ ಎಂದರೆ ದೂರಕ್ಕೆ. ಹಾಗಾಗಿ ಸಭೆಯನ್ನು ‘ಪುಟ್ ಆಫ್’ ಮಾಡಿದರೆ ಮುಂದೂಡಿದ ಹಾಗೆ. ‘ಔಟ್’ನಲ್ಲಿ ಇಲ್ಲವಾಗುವ ಭಾವವಿದೆ, ‘ಪುಟ್ ಔಟ್ ದ ಫೈರ್’ ಎಂದರೆ ಬೆಂಕಿ ಆರಿಸು. ‘ಐ ವಿಲ್ ಪುಟ್ ಯೂ ಥ್ರೂ’ ಎಂದು ಫೋನಿನಲ್ಲಿ ಕೇಳಿಸಿದರೆ, ನಿಮ್ಮ ಕರೆಯನ್ನು ಬೇರೊಬ್ಬರಿಗೆ ಜೋಡಿಸುತ್ತಿದ್ದಾರೆ.

ಹೆಚ್ಚು ಎಚ್ಚರ ಬೇಕಾದದ್ದು ‘ಪುಟ್ ಡೌನ್’ಗೆ. ಕೆಳಗಿಡು, ಬರೆದುಕೊ, ದಂಗೆ ಅಡಗಿಸು, ಎಲ್ಲರೆದುರು ಹೀಯಾಳಿಸು – ಎಲ್ಲವೂ ಅದೇ. ‘ದ ವೆಟ್ ಪುಟ್ ದ ಡಾಗ್ ಡೌನ್’ ಎಂಬುದನ್ನು ‘ವೈದ್ಯರು ನಾಯಿಯನ್ನು ಕೆಳಗಿಟ್ಟರು’ ಎಂದು ಅನುವಾದಿಸಿದರೆ ಅನರ್ಥ. ಗುಣವಾಗದ ನಾಯಿಗೆ ದಯಾಮರಣ ಕೊಟ್ಟರು ಎಂದು ಅದರರ್ಥ. ‘ಪುಟ್ ಅಪ್ ವಿತ್’ಗೆ ಮಾತ್ರ ಈ ಉಪಾಯ ನಡೆಯದು. ಸಹಿಸಿಕೊ ಎಂದು ಇಡಿಯಾಗಿಯೇ ಕಲಿಯಬೇಕು.

ಪದಗಳ ಸ್ಥಾನವೂ ಮುಖ್ಯ. ‘ಪುಟ್ ಆಫ್ ದ ಮೀಟಿಂಗ್’, ‘ಪುಟ್ ದ ಮೀಟಿಂಗ್ ಆಫ್’ ಎರಡೂ ಸರಿ. ಆದರೆ ಸರ್ವನಾಮ ಬಂದರೆ ಅದು ನಡುವೆಯೇ ಕೂರಬೇಕು: ‘ಪುಟ್ ಇಟ್ ಆಫ್’. ‘ಪುಟ್ ಆಫ್ ಇಟ್’ ತಪ್ಪು. ‘ಪುಟ್ ಅಪ್ ವಿತ್’ ಅನ್ನು ಹೀಗೆ ಒಡೆಯುವಂತಿಲ್ಲ. ‘ಐ ಕಾಂಟ್ ಪುಟ್ ಅಪ್ ವಿತ್ ಇಟ್’ ಎಂದೇ ಹೇಳಬೇಕು.

ಪ್ರಶ್ನೆ: ‘ಪುಟ್ ದ ಡೋರ್’ ಎಂದರೆ ಏನು ತಪ್ಪು? ಬಾಗಿಲು ಹಾಕು ಎನ್ನುತ್ತೇವಲ್ಲ?

ಉತ್ತರ: ನಮ್ಮ ‘ಹಾಕು’ ಮಾಡುವ ಕೆಲಸವನ್ನು ಇಂಗ್ಲಿಷ್ ಹಲವು ಕ್ರಿಯಾಪದಗಳಿಗೆ ಹಂಚಿದೆ. ಬಾಗಿಲು ಹಾಕಲು ‘ಶಟ್’, ಬೀಗ ಹಾಕಲು ‘ಲಾಕ್’, ಅರ್ಜಿ ಹಾಕಲು ‘ಅಪ್ಲೈ’, ಕೇಸು ಹಾಕಲು ‘ಫೈಲ್’, ಗಿಡಕ್ಕೆ ನೀರು ಹಾಕಲು ಬರೀ ‘ವಾಟರ್’. ಸಹಿ ಹಾಕಿಸಲು ‘ಸೈನ್ ಹಿಯರ್’ ಸಾಕು. ಸಹಿ ಎಂಬ ನಾಮಪದಕ್ಕೆ ಮಾತ್ರ ‘ಸಿಗ್ನೇಚರ್’ ಎನ್ನಬೇಕು.

ವಸ್ತುವನ್ನು ಇಡುವ ಅರ್ಥದಲ್ಲಿ ‘ಪುಟ್’ ಬಳಸಿದರೆ ಏನನ್ನು ಎಂಬುದರ ಜೊತೆಗೆ ಎಲ್ಲಿ ಎಂಬುದನ್ನೂ ಹೇಳಬೇಕು. ‘ಪುಸ್ತಕ ಇಟ್ಟೆ’ ಕನ್ನಡದಲ್ಲಿ ಪೂರ್ಣ ವಾಕ್ಯ. ‘ಐ ಪುಟ್ ದ ಬುಕ್’ ಅಪೂರ್ಣ. ‘ಆನ್ ದ ಟೇಬಲ್’ ಎಂದೋ ‘ದೇರ್’ ಎಂದೋ ಸೇರಿಸಿ.

ಬಟ್ಟೆಯ ವಿಷಯದಲ್ಲಿ ಕನ್ನಡವೇ ದಾರಿ ತೋರುತ್ತದೆ. ಸ್ವೆಟರ್ ಹಾಕಿಕೊಳ್ಳುತ್ತಿದ್ದಾಳೆ, ತೋಳು ತೂರಿಸುತ್ತಿದ್ದಾಳೆ ಎಂದರೆ ‘ಪುಟಿಂಗ್ ಆನ್’. ಹಾಕಿಕೊಂಡಿದ್ದಾಳೆ ಎಂದರೆ ‘ವೇರಿಂಗ್’.

ಎಲ್ಲಿ ಉಳಿದುಕೊಂಡಿದ್ದೀರಿ ಎಂದು ಕೇಳಲು ‘ವೇರ್ ಆರ್ ಯೂ ಪುಟ್ ಅಪ್?’ ಭಾರತದಲ್ಲಿ ನಡೆಯುತ್ತದೆ. ಹೊರದೇಶದವರೊಡನೆ ‘ವೇರ್ ಆರ್ ಯೂ ಸ್ಟೇಯಿಂಗ್?’ ಎಂದು ಕೇಳುವುದು ಒಳಿತು.

ಪ್ರಶ್ನೆ: ಭೂತಕಾಲದಲ್ಲಿ ‘ಪುಟೆಡ್’ ಸರಿಯೇ?

ಉತ್ತರ: ಇಲ್ಲ. ಮೂರು ರೂಪವೂ ‘ಪುಟ್’. ‘ಹಿ ಪುಟ್ಸ್’ ವರ್ತಮಾನ, ‘ಹಿ ಪುಟ್’ ಭೂತ. ಕೊನೆಯ ‘ಸ್’ ಒಂದೇ ವ್ಯತ್ಯಾಸ. ‘ಐ ಪುಟ್’, ‘ದೇ ಪುಟ್’ಗಳಲ್ಲಿ ಆ ಗುರುತೂ ಇಲ್ಲದ ಕಾರಣ, ಸಂದರ್ಭದಿಂದ ಕಾಲ ತಿಳಿಯದಿದ್ದರೆ ‘ಯೆಸ್ಟರ್‌ಡೇ’, ‘ಎವ್ರಿ ಡೇ’ಯಂಥ ಪದ ಸೇರಿಸಿ.