ಎಂಡಿಸಿಕೆ ಕೋಶಗಳ ಮೀಡಿಯಂನಿಂದ (ಬೆಳೆಸುವ ದ್ರವದಿಂದ) ಕ್ಯಾಲ್ಸಿಯಂ ತೆಗೆದ ಮೇಲೂ ಪಾರ್-3, ಅಂದ್ರೆ ಕೋಶದ ಮೇಲ್ಬದಿ-ಕೆಳಬದಿ ವಿಂಗಡಿಸುವ ಪ್ರೋಟೀನ್, ಕೋಶಗಳ ಅಂಚಿನಲ್ಲೇ ಕಾಣುತ್ತಿದೆ. ಅದನ್ನು ಗುರುತಿಸಿ ತೋರಿಸಲು ಬೇರೆ ಯಾವ ಆ್ಯಂಟಿಬಾಡಿ ಕೊಳ್ಳಲಿ?

ಯಾವುದೂ ಕೊಳ್ಳಬೇಡಿ. ನಾನು ಎರಡು ಕೊಂಡು ನಾಲ್ಕು ತಿಂಗಳು ಹಾಳು ಮಾಡಿಕೊಂಡವನು.

ನನ್ನದೂ ಎಂಡಿಸಿಕೆ ಕೋಶಗಳೇ. 1958ರಲ್ಲಿ ಕಾಕರ್ ಸ್ಪೇನಿಯಲ್ ನಾಯಿಯ ಕಿಡ್ನಿಯಿಂದ ತೆಗೆದದ್ದರ ವಂಶ. ಫಿಲ್ಟರ್ ಮೇಲೆ ಬೆಳೆಸಿ, ರಾತ್ರಿಯಿಡೀ ಕ್ಯಾಲ್ಸಿಯಂ ಇಲ್ಲದ ಮೀಡಿಯಂನಲ್ಲಿಟ್ಟು, ಬೆಳಿಗ್ಗೆ ಕ್ಯಾಲ್ಸಿಯಂ ವಾಪಸ್ ಕೊಡುತ್ತಿದ್ದೆ. ಬಿಡಿಬಿಡಿಯಾದ ಕೋಶಗಳು ಮತ್ತೆ ಕೂಡಿಕೊಂಡು ಮೇಲ್ಬದಿ, ಕೆಳಬದಿ ಅಂತ ವಿಂಗಡಣೆಯಾಗುವುದನ್ನು ನೋಡುವ ಆಸೆ. ಆದರೆ ಸೊನ್ನೆ ಗಂಟೆಯ, ಅಂದ್ರೆ ಕ್ಯಾಲ್ಸಿಯಂ ವಾಪಸ್ ಕೊಡುವ ಮುಂಚಿನ, ಚಿತ್ರದಲ್ಲೇ ಪಾರ್-3 ಜೇನುಗೂಡಿನ ಗೆರೆಗಳ ಹಾಗೆ ಚೊಕ್ಕವಾಗಿ ಕೂತಿತ್ತು!

ತಪ್ಪು ಇದ್ದದ್ದು ಸೀರಮ್‌ನಲ್ಲಿ, ಅಂದ್ರೆ ಕೋಶ ಬೆಳೆಯಲು ಮೀಡಿಯಂಗೆ ಬೆರೆಸುವ ರಕ್ತದ ತಿಳಿಯಲ್ಲಿ. ಮೀಡಿಯಂ ಬಾಟಲಿಯ ಮೇಲೆ ಕ್ಯಾಲ್ಸಿಯಂ ರಹಿತ ಅಂತಲೇ ಇತ್ತು, ನಿಜ. ಅದಕ್ಕೆ ದಿನಾ ಹಾಕುವ ಹಾಗೆ 10% ಸೀರಮ್ ಸುರಿದೆ. ಸೀರಮ್‌ನಲ್ಲೇ ಸುಮಾರು 3 ಮಿಲಿಮೋಲಾರ್ ಕ್ಯಾಲ್ಸಿಯಂ ಇರುತ್ತದೆ. ಅದರ ಹತ್ತನೇ ಒಂದು ಪಾಲು ಅಂದ್ರೆ 300 ಮೈಕ್ರೋಮೋಲಾರ್. ನನಗೆ ಬೇಕಿದ್ದದ್ದು 5ರ ಆಸುಪಾಸು. ಅರವತ್ತು ಪಟ್ಟು ಜಾಸ್ತಿ! ಮುಂಬಾಗಿಲು ಹಾಕಿ ಹಿತ್ತಿಲ ಬಾಗಿಲು ತೆಗೆದಿಟ್ಟ ಹಾಗೆ. ಕ್ಯಾಲ್ಸಿಯಂ ಪೂರ್ತಿ ಹೋಗದೆ ಕೋಶಗಳನ್ನು ಒಂದಕ್ಕೊಂದು ಅಂಟಿಸುವ ಇ-ಕ್ಯಾಡ್‌ಹೆರಿನ್ ಪ್ರೋಟೀನ್ ಪಕ್ಕದ ಕೋಶವನ್ನು ಯಾಕೆ ಬಿಡುತ್ತದೆ? ಅದು ಬಿಡದೆ ಪಾರ್-3 ಯಾಕೆ ಕದಲುತ್ತದೆ? ಪಾಪ, ನಾನು ಬೈದದ್ದು ಆ್ಯಂಟಿಬಾಡಿಗೆ.

ನಿಮ್ಮ ಚಿತ್ರವೂ ಸರಿಯಾಗೇ ಇರಬಹುದು. ಪೊಲಾರಿಟಿ, ಅಂದ್ರೆ ಆ ಮೇಲ್ಬದಿ-ಕೆಳಬದಿ ವಿಂಗಡಣೆ, ಹುಟ್ಟುವುದನ್ನು ನೋಡಲು ಹೊರಟು, ಅದು ಉಳಿದುಕೊಂಡಿರುವುದನ್ನು ನೋಡುತ್ತಿದ್ದೀರಿ, ಅಷ್ಟೇ. ಉಳಿಯುವುದೂ ಸುಮ್ನೆ ಅಲ್ಲ. ಮೇಲ್ಬದಿಯ ಎಪಿಕೆಸಿ ಅನ್ನುವ ಕಿಣ್ವ, ಎಲ್‌ಜಿಎಲ್ ಅನ್ನುವ ಇನ್ನೊಂದು ಪ್ರೋಟೀನ್‌ಗೆ ಫಾಸ್ಫೇಟ್ ಅಂಟಿಸಿ ಅಲ್ಲಿಂದ ಓಡಿಸುತ್ತಲೇ ಇರುತ್ತದೆ. ಪಕ್ಕದ ಬದಿಯ ಪಾರ್-1 ಕಿಣ್ವ ಅದೇ ಉಪಾಯದಿಂದ ಪಾರ್-3 ಕೆಳಗಿಳಿಯದಂತೆ ತಡೆಯುತ್ತದೆ. ಪಾಲಾದ ಅಣ್ಣತಮ್ಮಂದಿರು ಬೇಲಿ ಕಾಯುವ ಹಾಗೆ. ಇವರಲ್ಲಿ ಯಜಮಾನ ಯಾರು ಅಂತ ಕೇಳುವವರನ್ನು ಕಂಡರೆ ನನಗೆ ತಲೆನೋವು.

ಸೀರಮ್ ಡಯಾಲಿಸಿಸ್ ಮಾಡಿ, ಇಲ್ಲವೇ ಚೆಲೆಕ್ಸ್ ರಾಳದಲ್ಲಿ ಕ್ಯಾಲ್ಸಿಯಂ ತೆಗೆಯಿರಿ. ಬೆಳಿಗ್ಗೆ ಮೊದಲು ಮೈಕ್ರೋಸ್ಕೋಪ್‌ನಲ್ಲಿ ನೋಡಿ: ಕೋಶಗಳು ಒಂದಕ್ಕೊಂದು ಬಿಟ್ಟು ಗುಂಡಗಾಗಿರಬೇಕು. ಆಮೇಲೆ ಕೋಶಗಳಿರುವ ಫಿಲ್ಟರ್‌ನ ವಿದ್ಯುತ್ ರೋಧ ಅಳೆಯಿರಿ. ಖಾಲಿ ಫಿಲ್ಟರ್‌ನಷ್ಟೇ ಬರಬೇಕು. ಜಾಸ್ತಿ ಬಂದರೆ ಕ್ಯಾಲ್ಸಿಯಂ ಕೊಡಲು ಹೋಗಬೇಡಿ, ಆ ಪ್ಲೇಟ್ ಎಸೆದುಬಿಡಿ.