ಹಿಯರಿಂಗ್ ಏಡ್ ಹಾಕಿದರೂ ಗದ್ದಲದಲ್ಲಿ ಅಪ್ಪನಿಗೆ ಮಾತು ತಿಳಿಯುವುದಿಲ್ಲ. ಕೇಳುವ ತರಬೇತಿಯಿಂದ ಉಪಯೋಗವಿದೆಯೇ?

ಸ್ವಲ್ಪ ಇದೆ. ಆದರೆ ಯಾವ ತರಬೇತಿ ಅನ್ನುವುದು ಮುಖ್ಯ.

ಮಿಷನ್ ಸದ್ದನ್ನು ದೊಡ್ಡದು ಮಾಡುತ್ತದೆ, ಅರ್ಥ ಮಾಡಿಕೊಳ್ಳುವುದು ಮಿದುಳು. ಹತ್ತು ದನಿಗಳ ನಡುವೆ ಒಂದರ ಮೇಲೆ ಗಮನ ಇಡಬೇಕು, ತಪ್ಪಿಹೋದ ಪದವನ್ನು ಊಹಿಸಬೇಕು, ವಾಕ್ಯದ ಮೊದಲ ಭಾಗವನ್ನು ನೆನಪಲ್ಲಿ ಹಿಡಿದಿರಬೇಕು. ಕನ್ನಡದಲ್ಲಂತೂ ಬರ್ತಾರೋ ಬರಲ್ವೋ ಎಂಬುದು ಕೊನೆಗೇ ಗೊತ್ತಾಗುವುದು, ಅಲ್ವಾ? ವಯಸ್ಸಾದಂತೆ ಇದೆಲ್ಲ ನಿಧಾನವಾಗುತ್ತದೆ.

ಹಾಗಾಗಿ ಸುಮ್ನೆ 'ಪ', 'ಬ' ವ್ಯತ್ಯಾಸ ಗುರುತಿಸುವ ಅಭ್ಯಾಸ ಸಾಲದು. ಅಮೆರಿಕದ 'ಲೇಸ್' ಎಂಬ ಕಂಪ್ಯೂಟರ್ ತರಬೇತಿಯಲ್ಲಿ ಗದ್ದಲದ ಮಾತು, ವೇಗದ ಮಾತು, ನೆನಪಿನ ಅಭ್ಯಾಸ ಎಲ್ಲವೂ ಇವೆ. ಆದರೂ ಅಲ್ಲಿನ ಮಾಜಿ ಸೈನಿಕರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬರೀ ಹಿಯರಿಂಗ್ ಏಡ್‌ಗಿಂತ ಜಾಸ್ತಿ ಲಾಭ ಕಾಣಲಿಲ್ಲ. ದುಬಾರಿ ಕೋರ್ಸಿಗೆ ಆತುರಪಡಬೇಡಿ.

ಮೊದಲು ಆಡಿಯಾಲಜಿಸ್ಟ್ (ಶ್ರವಣ ತಜ್ಞರು) ಹತ್ತಿರ ಮಿಷನ್ ಸೆಟ್ಟಿಂಗ್ ಪರೀಕ್ಷೆ ಮಾಡಿಸಿ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಈ ಸೇವೆ ಇದೆ. ಮನೆಯಲ್ಲಿ ರೇಡಿಯೊ ಸಣ್ಣಗೆ ಹಾಕಿ, ಪೇಪರಿನ ಎರಡು ಸಾಲು ಓದಿ. ಅಪ್ಪ ಅದನ್ನು ತಮ್ಮ ಮಾತಲ್ಲಿ ಹೇಳಲಿ. ಸುಲಭವಾದರೆ ಮೂರು ಸಾಲು ಮಾಡಿ. ಸುಸ್ತಾದರೆ ಅಲ್ಲಿಗೇ ನಿಲ್ಲಿಸಿ.